ವೇದಿಕೆಗೆಂದೇ ಒಂದು ಕನ್ನಡಕ

ಗಂಗೂಬಾಯಿ ಹಾನಗಲ್ ಅವರನ್ನು ನೆನೆದರೆ ಆ ಗಂಭೀರ ದನಿಯ ಜೊತೆಗೇ ಅವರ ಕನ್ನಡಕವೂ ಕಣ್ಣಿಗೆ ಕಟ್ಟುತ್ತದೆ. ಆದರೂ ಎಷ್ಟೋ ಗಾಯಕ ಗಾಯಕಿಯರು ಫೋಟೊ ಚೆನ್ನಾಗಿ ಬರಲೆಂದು ಕನ್ನಡಕ ತೆಗೆದಿಟ್ಟು ವೇದಿಕೆ ಹತ್ತುತ್ತಾರೆ. ಸಾಹಿತ್ಯದ ಪುಸ್ತಕವೂ ಮಸುಕು, ಪಕ್ಕವಾದ್ಯದವರ ಮುಖವೂ ಮಸುಕು. ಇಷ್ಟು ಕಷ್ಟ ಬೇಕಿಲ್ಲ. ದಿನಬಳಕೆಯದು ವೇದಿಕೆಗೆ ಒಗ್ಗದಿದ್ದರೆ ಹಾಡಲೆಂದೇ ಇನ್ನೊಂದನ್ನು ಮಾಡಿಸಿಕೊಳ್ಳಬಹುದು.

ಚಾಳೀಸು ಬಂದವರು ಮೊದಲು ಟೇಪು ಹಿಡಿಯಬೇಕು. ಓದುವ ನಂಬರನ್ನು ಸಾಮಾನ್ಯವಾಗಿ ಕೈಯಲ್ಲಿ ಹಿಡಿದ ಪುಸ್ತಕಕ್ಕೆ, ಅಂದರೆ ಸುಮಾರು 40 ಸೆಂ.ಮೀ. ದೂರಕ್ಕೆ ಕೊಡುತ್ತಾರೆ. ಸ್ಟ್ಯಾಂಡಿನ ಮೇಲಿನ ಪುಸ್ತಕವೋ ಟ್ಯಾಬೋ 65-70 ಸೆಂ.ಮೀ. ಆಚೆ ಇರುತ್ತದೆ. ಹತ್ತಿರದ ಓದಿಗೆ 2.5 ಬೇಕಾಗುವ ಕಣ್ಣಿಗೆ ಅಲ್ಲಿ ಸುಮಾರು 1.5 ಸಾಕು. ಹಾಡುವ ಭಂಗಿಯಲ್ಲೇ ಕೂತು ಕಣ್ಣಿಂದ ಪುಸ್ತಕದವರೆಗೆ ಅಳೆದು, ಆ ಅಳತೆಯನ್ನು ಕಣ್ಣು ಪರೀಕ್ಷಿಸುವವರಿಗೆ ಹೇಳಿ.

ಪ್ರೋಗ್ರೆಸಿವ್ ಲೆನ್ಸ್ ಮನೆಗೆ ಒಳ್ಳೆಯದು, ಹಾಡುವವರಿಗೆ ತೊಡಕು. ಅದರ ಓದುವ ಭಾಗ ಕೆಳಗಿರುವುದರಿಂದ, ಎದುರಿಗೆ ಎತ್ತರದಲ್ಲಿರುವ ಸಾಲು ಓದಲು ಗದ್ದ ಎತ್ತಬೇಕಾಗುತ್ತದೆ. ಗದ್ದ ಎತ್ತಿದರೆ ಕತ್ತಿನ ಸ್ನಾಯು ಬಿಗಿಯುತ್ತದೆ, ತಾರಸ್ಥಾಯಿಗೆ ಹೋಗುವಾಗ ಗಂಟಲಿಗೆ ಅದು ಗೊತ್ತಾಗುತ್ತದೆ. ಬದಿಗಳೂ ಮಸುಕು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಓರೆಗಣ್ಣಲ್ಲಿ ಸಿಗಬೇಕಾದ ಸನ್ನೆಗೆ ಕತ್ತನ್ನೇ ತಿರುಗಿಸಬೇಕಾಗುತ್ತದೆ. ಪುಸ್ತಕ ನೋಡಿ ಹಾಡುವವರಿಗೆ ಅದರ ದೂರಕ್ಕೇ ಹೊಂದಿಸಿದ ಒಂದೇ ನಂಬರಿನ ಲೆನ್ಸ್ ವಾಸಿ. ಸಭಿಕರ ಮುಖ ತುಸು ಮಬ್ಬಾದರೂ ಪರವಾಗಿಲ್ಲ.

ಇನ್ನು ಹೊಳಪು. ಕೋಟಿಂಗ್ ಇಲ್ಲದ ಸಾಧಾರಣ ಪ್ಲಾಸ್ಟಿಕ್ ಲೆನ್ಸ್, ಎರಡೂ ಮೈ ಸೇರಿ, ಸುಮಾರು 8% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹೆಚ್ಚು ನಂಬರಿನವರಿಗೆ ಕೊಡುವ ತೆಳು ಲೆನ್ಸ್ ಇನ್ನೂ ಹೆಚ್ಚು ಎಸೆಯುತ್ತದೆ. ನೋಡುವವರಿಗೆ ಕಣ್ಣಿನ ಬದಲು ಎರಡು ಬಿಳಿ ಬಿಲ್ಲೆ ಕಾಣುವುದು ಇದರಿಂದಲೇ. ಒಳ್ಳೆಯ ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಇದನ್ನು ಒಂದೆರಡು ಶೇಕಡಕ್ಕೆ ಇಳಿಸುತ್ತದೆ. ದುಡ್ಡು ಹಾಕಬೇಕಾದದ್ದು ಇದಕ್ಕೇ. ಬ್ಲೂ ಕಟ್ ಲೆನ್ಸಿನ ನೀಲಿ ಛಾಯೆ ವಿಡಿಯೊದಲ್ಲಿ ಎದ್ದು ಕಾಣಬಹುದು. ಬಿಸಿಲಿಗೆ ಕಪ್ಪಾಗುವ ಲೆನ್ಸ್ ವೇದಿಕೆಯ ಎಲ್‌ಇಡಿ ದೀಪಕ್ಕೆ ಕಪ್ಪಾಗದು, ಹಗಲಿನ ಬಯಲು ಕಾರ್ಯಕ್ರಮದಲ್ಲಿ ಮಾತ್ರ ಕಣ್ಣು ಮರೆಮಾಡುತ್ತದೆ. ಅಷ್ಟಾದರೂ ಹೊಳೆದರೆ, ಲೆನ್ಸ್ ತುಸು ನೆಲದ ಕಡೆ ಬಾಗುವಂತೆ ಫ್ರೇಮನ್ನು ಅಂಗಡಿಯಲ್ಲೇ ಸರಿಮಾಡಿಸಿ. ಮೇಲಿನಿಂದ ಬಿದ್ದ ಬೆಳಕು ಸಭೆಯ ಬದಲು ಕೆಳಕ್ಕೆ ಹೋಗುತ್ತದೆ.

ಫ್ರೇಮು ಯಾವುದಾದರೂ ಸರಿ. ಗ್ರೀಸಿನ ನಾನಾ ಮುಸ್ಕೂರಿ 1963ರ ಯೂರೋವಿಷನ್ ಸ್ಪರ್ಧೆಯಲ್ಲಿ ಹಾಡಿದ್ದು ಕಪ್ಪು ಫ್ರೇಮಿನ ಕನ್ನಡಕದಲ್ಲೇ, ಮುಂದೆ ಅದೇ ಅವರ ಗುರುತಾಯಿತು. ನನ್ನ ಆಯ್ಕೆ ಹಗುರವಾದ, ಕಡ್ಡಿ ತೆಳುವಾಗಿರುವ ಫ್ರೇಮು. ಕೆನ್ನೆಯ ಪಕ್ಕ ಬರುವ ಹೆಡ್ ಮೈಕ್ ಹಾಕುವವರಿಗಂತೂ ದಪ್ಪ ಕಡ್ಡಿ ಕಿವಿಯ ಮೇಲೆ ಜಗಳ. ಏಪ್ರಿಲ್ ಸೆಕೆಯ ರಾಮನವಮಿ ಚಪ್ಪರದಲ್ಲಿ ಬೆವರಿಗೆ ಕನ್ನಡಕ ಜಾರುತ್ತಲೇ ಇರುತ್ತದೆ. ಮೂಗಿಗೆ ಸಿಲಿಕಾನ್ ಪ್ಯಾಡು, ಕಿವಿಯ ಹಿಂದೆ ಸಿಕ್ಕಿಸುವ ಸಣ್ಣ ಸಿಲಿಕಾನ್ ಕೊಕ್ಕೆ ಇದ್ದರೆ ಗಮಕಕ್ಕೆ ತಲೆ ಎಷ್ಟು ತೂಗಿದರೂ ನಿಲ್ಲುತ್ತದೆ. ಮೂಗಿನ ಮೇಲಿನ ಕ್ರೀಮು ಒರೆಸಿಕೊಂಡೇ ಹಾಕಿಕೊಳ್ಳಿ.

ಲೆನ್ಸನ್ನು ಮಾತ್ರ ಸೀರೆಯ ಸೆರಗಿನಿಂದಲೋ ಶಲ್ಯದಿಂದಲೋ ಒರೆಸಬೇಡಿ. ಜರಿ ತಗುಲಿದರೆ ಕೋಟಿಂಗಿನ ಮೇಲೆ ಗೀರು ಬೀಳುತ್ತದೆ, ಗೀರು ದೀಪದ ಬೆಳಕಲ್ಲಿ ಮಿನುಗುತ್ತದೆ. ಕನ್ನಡಕದ ಜೊತೆ ಕೊಡುವ ಮೆತ್ತನೆಯ ಬಟ್ಟೆಯನ್ನು ಶ್ರುತಿಪೆಟ್ಟಿಗೆಯ ಚೀಲದಲ್ಲೇ ಇಟ್ಟಿರಿ.