ಕ್ಯಾಂಟೀನ್ ಕಾರ್ಡಿಗೆ ಯಾವ ಬಾಗಿಲು ತೆರೆಯುತ್ತದೆ?

ಪ್ರಶ್ನೆ: ಮಾಜಿ ಸೈನಿಕರ ಕ್ಯಾಂಟೀನ್ ಕಾರ್ಡ್ ಇದ್ದರೆ ಮಿಲಿಟರಿಯ ಎಲ್ಲ ಜಾಗಕ್ಕೂ ಪ್ರವೇಶ ಸಿಗುತ್ತದೆಯೇ?

ಉತ್ತರ: ಖಂಡಿತ ಇಲ್ಲ. ಅದು ಸಾಮಾನು ಕೊಳ್ಳುವ ಕಾರ್ಡ್, ಅಷ್ಟೇ. 1948ರಲ್ಲಿ ಶುರುವಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಅಂದರೆ ಸಿಎಸ್‌ಡಿಯ ಪ್ರಧಾನ ಕಚೇರಿ ಮುಂಬೈಯಲ್ಲಿದೆ. ಮಡಿಕೇರಿಯಿಂದ ಬೆಳಗಾವಿಯವರೆಗೆ ಮಾಜಿ ಸೈನಿಕರು ಚೀಲ ಹಿಡಿದು ಹೋಗುವ ಕ್ಯಾಂಟೀನುಗಳಿಗೆ ಸೋಪು, ಎಣ್ಣೆ, ಮಿಕ್ಸಿ ಬರುವುದು ಈ ಇಲಾಖೆಯ ಡಿಪೋಗಳ ಮೂಲಕ. ಬಿಲ್ ಕೌಂಟರಿನಲ್ಲಿ ಕಾರ್ಡ್ ಉಜ್ಜಿದರೆ ಆ ತಿಂಗಳ ಕೋಟಾದಲ್ಲಿ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಮದ್ಯದ ಕೋಟಾ ಹುದ್ದೆಗೆ ತಕ್ಕಂತೆ. ನೆಂಟರು ಮೊದಲು ವಿಚಾರಿಸುವುದೂ ಅದನ್ನೇ!

ಚಿಕಿತ್ಸೆಗೆ ಬೇರೆಯೇ ಕಾರ್ಡ್. 2003ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿಂದ ಚೀಟಿ ಪಡೆದು ದೊಡ್ಡಾಸ್ಪತ್ರೆಗೆ. ತುರ್ತು ಸಂದರ್ಭಕ್ಕೆ ವಿನಾಯಿತಿಯಿದೆ.

ಸೇವೆಯಲ್ಲಿರುವ ಸೈನಿಕನ ಗುರುತಿನ ಚೀಟಿಯ ತೂಕವೇ ಬೇರೆ. 1949ರ ಮೂರನೇ ಜಿನೀವಾ ಒಪ್ಪಂದದ 17ನೇ ವಿಧಿ ಅದರ ಅಳತೆಯನ್ನೂ ಸೂಚಿಸುತ್ತದೆ: ಸಾಧ್ಯವಾದಷ್ಟೂ 6.5 x 10 ಸೆಂ.ಮೀ. ಯುದ್ಧದಲ್ಲಿ ಸೆರೆಸಿಕ್ಕವನು ಕೇಳಿದಾಗ ಅದನ್ನು ತೋರಿಸಬೇಕು. ಕಿತ್ತುಕೊಳ್ಳುವ ಹಕ್ಕು ಮಾತ್ರ ಶತ್ರುವಿಗಿಲ್ಲ.