ಕೇತ್ತಿಯ ಕನ್ನಡ ಶಾಲೆ, ಸ್ವಿಸ್ ಪಾಠಶಾಲೆ

ಕೂನೂರಿನಿಂದ ಊಟಿಗೆ ಹೊರಟ ಪುಟ್ಟ ರೈಲು ವೆಲಿಂಗ್ಟನ್ ದಾಟಿದರೆ ಅರವಂಕಾಡು, ಅದರಾಚೆ ಕೇತ್ತಿ. ಕೇತ್ತಿ ಕಣಿವೆಗೆ ಪ್ರವಾಸಿ ಕೈಪಿಡಿಗಳು ‘ದಕ್ಷಿಣದ ಸ್ವಿಟ್ಜರ್ಲೆಂಡ್’ ಎಂಬ ಹಣೆಪಟ್ಟಿ ಅಂಟಿಸಿವೆ. ಹಸಿರು ಇಳಿಜಾರು ಕಂಡಲ್ಲೆಲ್ಲ ಈ ಹೆಸರಿಡುವುದು ನಮ್ಮವರ ಚಾಳಿ. ಆದರೆ ಕೇತ್ತಿಗೆ ಆ ದೇಶದ ನಿಜವಾದ ನಂಟೂ ಇದೆ, ಅದು ಶಾಲೆಯ ನಂಟು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿ, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ 1846ರ ಹೊತ್ತಿಗೆ ಈ ನೀಲಗಿರಿ ಬೆಟ್ಟ ಹತ್ತಿತು. ಕರೆಸಿಕೊಂಡವರು ಕೇತ್ತಿಯಲ್ಲಿ ನೆಲೆಸಿದ್ದ ನಿವೃತ್ತ ಇಂಗ್ಲಿಷ್ ಅಧಿಕಾರಿ ಕ್ಯಾಸಮೇಜರ್. ಇಲ್ಲಿನ ಬಡಗ ಸಮುದಾಯದ ಮಕ್ಕಳಿಗೆ ಅಲ್ಲಿ ಪಾಠ ನಡೆದದ್ದು ಕನ್ನಡದಲ್ಲಿ. ಬಂದ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರು ಎನ್ನುವುದು ಬೇರೆ ಮಾತು.

ಆ ಬಾಸೆಲ್ಲಿನ ದೇಶ ತನ್ನ ಮಕ್ಕಳಿಗೆ ಓದು ಕಲಿಸುವ ಬಗೆ ವಿಚಿತ್ರವಾದದ್ದು. ಜನಸಂಖ್ಯೆ ಸುಮಾರು 90 ಲಕ್ಷ, ಬೆಂಗಳೂರಿಗಿಂತ ಕಡಿಮೆ. ಆದರೂ ದೇಶಕ್ಕೆಲ್ಲ ಒಬ್ಬ ಶಿಕ್ಷಣ ಮಂತ್ರಿ ಇಲ್ಲ. ‘ಕ್ಯಾಂಟನ್’ ಎಂಬ 26 ಪುಟ್ಟ ರಾಜ್ಯಗಳಿವೆ. ಶಾಲೆ ಅವುಗಳ ಹೊಣೆ, ಶಾಲೆ ನಡೆಸುವ ದಿನನಿತ್ಯದ ಕೆಲಸ ಬಹುಮಟ್ಟಿಗೆ ಊರಿನದೇ. ಪ್ರಾಥಮಿಕ ಶಿಕ್ಷಣ ಕಡ್ಡಾಯ, ಉಚಿತ ಎಂದು 1874ರ ಸಂವಿಧಾನವೇ ಹೇಳಿತ್ತು. ಕ್ಯಾಂಟನ್‌ಗೊಂದು ಪದ್ಧತಿಯಾಗಿ, ಮನೆ ಬದಲಿಸಿದ ಮಕ್ಕಳು ತೊಡಕಿಗೆ ಬೀಳುತ್ತಿದ್ದರು. ಅದಕ್ಕೇ ಬಹುಪಾಲು ಕ್ಯಾಂಟನ್‌ಗಳು 2009ರಲ್ಲಿ ಜಾರಿಗೆ ಬಂದ ಒಪ್ಪಂದಕ್ಕೆ ಸೇರಿ, ಶಿಶುವಿಹಾರದ ಎರಡು ವರ್ಷವೂ ಸೇರಿದಂತೆ 11 ವರ್ಷದ ಕಡ್ಡಾಯ ಓದನ್ನು ಒಪ್ಪಿಕೊಂಡವು. ಹೆಚ್ಚಿನ ಮಕ್ಕಳು ಹೋಗುವುದು ತಮ್ಮೂರಿನ ಸರ್ಕಾರಿ ಶಾಲೆಗೇ. ಡಾಕ್ಟರ ಮಗಳೂ ಬಸ್ ಡ್ರೈವರನ ಮಗನೂ ಒಂದೇ ಬೆಂಚಿನಲ್ಲಿ.

ಅರವಂಕಾಡಿನವರಿಗೆ ಹಿಡಿಸಬಹುದಾದದ್ದು ಇದರ ಮುಂದಿನ ಭಾಗ. ಹದಿನೈದು ದಾಟಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಕಾಲೇಜಿನ ಮುಖ ನೋಡದೆ ಅಪ್ರೆಂಟಿಸ್‌ಗಳಾಗುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಗಡಿಯಾರದ ಕಾರ್ಖಾನೆ, ಬ್ಯಾಂಕ್, ಬೇಕರಿ, ಆಸ್ಪತ್ರೆಯಲ್ಲಿ ಕೆಲಸ. ಉಳಿದ ಒಂದೆರಡು ದಿನ ವೃತ್ತಿಶಾಲೆ. ಕಲಿಯುವಾಗಲೇ ಸಂಬಳ. ಎರಡರಿಂದ ನಾಲ್ಕು ವರ್ಷಕ್ಕೆ ದೇಶವೆಲ್ಲ ಒಪ್ಪುವ ಪ್ರಮಾಣಪತ್ರ ಕೈಗೆ. ಬೇಕೆನಿಸಿದರೆ ಇನ್ನೊಂದು ಪರೀಕ್ಷೆ ಕಟ್ಟಿ ಉನ್ನತ ಶಿಕ್ಷಣಕ್ಕೂ ಹತ್ತಬಹುದು. ಶತಮಾನ ದಾಟಿದ ಕಾರ್ಡೈಟ್ (ಸಿಡಿಮದ್ದು) ಕಾರ್ಖಾನೆಯ ನೆರಳಲ್ಲಿ ಬೆಳೆದ ಅರವಂಕಾಡಿಗೆ ಅಪ್ರೆಂಟಿಸ್ ಎಂಬ ಮಾತು ಹೊಸದಲ್ಲ. ಆದರೆ ನಮ್ಮಲ್ಲಿ ಓದು ತಲೆಗೆ ಹತ್ತದವನು ಐಟಿಐಗೆ ಎಂಬ ಲೆಕ್ಕ. ಅಲ್ಲಿ ಬ್ಯಾಂಕಿನ ದೊಡ್ಡ ಹುದ್ದೆಯಲ್ಲಿರುವವರೂ ಅಪ್ರೆಂಟಿಸ್ ಆಗಿ ಶುರುಮಾಡಿದವರಿರುತ್ತಾರೆ. ಹಾಗೆಂದು ಎಲ್ಲವೂ ಸರಿಯಿಲ್ಲ. ಅನೇಕ ಕ್ಯಾಂಟನ್‌ಗಳಲ್ಲಿ ಹನ್ನೆರಡರ ಆಸುಪಾಸಿಗೇ ಮಕ್ಕಳನ್ನು ಬೇರೆ ಬೇರೆ ಸಾಲಿಗೆ ಹಚ್ಚಿಬಿಡುತ್ತಾರೆ. ವಲಸೆ ಬಂದ, ಬಡ ಮನೆಯ ಮಕ್ಕಳಿಗೆ ಅದರ ಏಟು ಹೆಚ್ಚು. ಹನ್ನೆರಡಕ್ಕೆ ಮಗುವಿನ ಹಣೆಬರಹ ಓದುವ ಆತುರ ನನಗಂತೂ ಒಪ್ಪಿಗೆಯಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ಅವರ ತಾಳ್ಮೆಗೆ ತಲೆಬಾಗಬೇಕು. ಜರ್ಮನ್, ಫ್ರೆಂಚ್, ಇಟಾಲಿಯನ್ ಜೊತೆಗೆ ರೊಮಾಂಶ್ 1938ರ ಜನಮತದಿಂದ ನಾಲ್ಕನೆಯ ರಾಷ್ಟ್ರಭಾಷೆಯಾಯಿತು. ಅದನ್ನು ಮುಖ್ಯ ಭಾಷೆಯಾಗಿ ಆಡುವವರು ಸುಮಾರು 40 ಸಾವಿರ. ಅದರಲ್ಲೇ ಐದು ಬರವಣಿಗೆಯ ಬಗೆಗಳು. ಎಲ್ಲಕ್ಕೂ ಹೊಂದುವ ಒಂದು ಶಿಷ್ಟರೂಪವನ್ನು 1982ರಲ್ಲಿ ಕಟ್ಟಿ, ಮುಂದೆ ಶಾಲೆಗೂ ತಂದಾಗ ಹಲವು ಹಳ್ಳಿಗಳು ‘ನಮ್ಮ ಮಾತೇ ಇರಲಿ’ ಎಂದು ಹಳೆಯ ರೂಪಕ್ಕೆ ಮರಳಿದವು. ಮೇಲಿನವರು ಒಪ್ಪಿಕೊಂಡರು.

ಇತ್ತ ನಮ್ಮ ನೀಲಗಿರಿಯ ಬಡಗ ಮಾತನ್ನು 2011ರ ಜನಗಣತಿ ಕನ್ನಡದ ಅಡಿಯಲ್ಲಿ ಸೇರಿಸಿದೆ, ಆಡುವವರು 1.3 ಲಕ್ಷಕ್ಕೂ ಹೆಚ್ಚು, ರೊಮಾಂಶ್‌ನವರ ಮೂರು ಪಟ್ಟು. ಕೇತ್ತಿಯ ಮಗು ಇಂದು ಮನೆಯಲ್ಲಿ ಬಡಗ ಆಡುತ್ತದೆ. ಶಾಲೆಯಲ್ಲಿ ಓದುವುದು ತಮಿಳು, ಇಲ್ಲವೇ ಇಂಗ್ಲಿಷ್.