ಬಿಡುವುದು ಬೇರೆ, ಬಿಡಿಸುವುದು ಬೇರೆ

ಮನೆಯೊಳಗೆ ಏನೇನಿದೆ ಎಂಬುದು ಮನೆಯವರಿಗೆ ಗೊತ್ತಾಗುವುದು ಮನೆ ಬದಲಿಸುವಾಗ ಮಾತ್ರ. ಅಲ್ಲಿಯವರೆಗೆ ಅಟ್ಟ ಎಂಬುದೊಂದು ನಂಬಿಕೆ. ಮೇಲಿಟ್ಟದ್ದು ಮೇಲೆಯೇ ಇದೆ, ಬೇಕಾದ ದಿನ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ. ಹಿಡಿ ಮುರಿದ ಕುಕ್ಕರು, ಹಾರ್ಲಿಕ್ಸ್ ಸೀಸೆಗಳು, ಮದುವೆ-ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಗೋಡೆ ಗಡಿಯಾರಗಳು, ಹಾಕಿ ಕೇಳಲು ಟೇಪ್‌ರೆಕಾರ್ಡರೇ ಇಲ್ಲದ ಕ್ಯಾಸೆಟ್ಟುಗಳು, ಸೀರೆ ಅಂಗಡಿಯ ಚೀಲಗಳು, ಆ ಚೀಲಗಳನ್ನೆಲ್ಲ ತುಂಬಿಡಲು ಮತ್ತೊಂದು ಚೀಲ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಈ ಪಟ್ಟಿ ಊರಿನಿಂದ ಊರಿಗೆ ಹೆಚ್ಚೇನೂ ಬದಲಾಗುವುದಿಲ್ಲ.

ಮನೆ ಶುಚಿಗೊಳಿಸುವುದು ನಮಗೆ ಹೊಸದಲ್ಲ. ಯುಗಾದಿಗೆ ಧೂಳು ಹೊಡೆಯುತ್ತೇವೆ, ಆಯುಧಪೂಜೆಗೆ ಕಬ್ಬಿಣದ ಸಾಮಾನು ತೊಳೆಯುತ್ತೇವೆ. ಆದರೆ ನಮ್ಮ ಹಬ್ಬಗಳ ಕ್ರಮ ಒರೆಸಿ ಮತ್ತೆ ಇಡುವುದೇ ಹೊರತು ಎಸೆಯುವುದಲ್ಲ. ದಸರೆಯ ಬೊಂಬೆಗಳು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಇಳಿದು, ಒಂಬತ್ತು ದಿನ ಕುಳಿತು, ಹತ್ತಿಯಲ್ಲಿ ಸುತ್ತಿಸಿಕೊಂಡು ಮತ್ತೆ ಅಟ್ಟ ಏರುತ್ತವೆ. ಅಪರಿಗ್ರಹವನ್ನು ಜೈನರು ಐದು ವ್ರತಗಳಲ್ಲಿ ಒಂದೆಂದು ಎಣಿಸಿದರು. ಎಲ್ಲವನ್ನೂ ತೊರೆದು ನಿಂತ ಬಾಹುಬಲಿಯನ್ನು ನೋಡಲು ನಾವು ಶ್ರವಣಬೆಳಗೊಳದ ಬೆಟ್ಟ ಹತ್ತುತ್ತೇವೆ. ಇಳಿಯುವಾಗ ಷೋಕೇಸಿಗೆಂದು ಅವನದೇ ಪುಟ್ಟ ಬೊಂಬೆಯೊಂದನ್ನು ಕೊಂಡು ತರುತ್ತೇವೆ.

ಈಚಿನ ವರ್ಷಗಳಲ್ಲಿ ಎಸೆಯುವುದೇ ಒಂದು ಶಾಸ್ತ್ರವಾಗಿದೆ. ಜಪಾನಿನ ಮಾರಿ ಕೊಂಡೊ ಅವರ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು; 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೂ ಬಂತು. ವಸ್ತುವನ್ನು ಕೈಯಲ್ಲಿ ಹಿಡಿದು ಅದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ, ಇಲ್ಲವಾದರೆ ಕೃತಜ್ಞತೆ ಹೇಳಿ ಬೀಳ್ಕೊಡಿ ಎಂಬುದು ಅವರ ಮಾತು. ಸ್ವೀಡನ್ನಿನ ಮಾರ್ಗರೆಟಾ ಮ್ಯಾಗ್ನುಸನ್ ತಮ್ಮ 2017ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಸಾಯುವ ಮೊದಲೇ ನಿಮ್ಮ ಸಾಮಾನನ್ನು ನೀವೇ ವಿಲೇವಾರಿ ಮಾಡಿ, ಮಕ್ಕಳಿಗೆ ಆ ಹೊರೆ ಬಿಡಬೇಡಿ ಎಂದರು. ಮೂರನೆಯ ಮಗುವಾದ ಮೇಲೆ ಮನೆಯ ಅಚ್ಚುಕಟ್ಟಿನ ಹಟವನ್ನು ಸಾಕಷ್ಟು ಬಿಟ್ಟುಬಿಟ್ಟಿದ್ದೇನೆಂದು ಮಾರಿ ಕೊಂಡೊ ಅವರೇ 2023ರಲ್ಲಿ ಹೇಳಿದ್ದು ಓದಿ ನಮ್ಮಂಥವರಿಗೆ ತುಸು ಸಮಾಧಾನವಾಯಿತು.

ಆದರೆ ಸಂತೋಷದ ಪ್ರಶ್ನೆ ಕೇಳಬಲ್ಲವರು, ಎಸೆದದ್ದು ಬೇಕೆನಿಸಿದರೆ ನಾಳೆಯೇ ಕೊಳ್ಳಬಹುದೆಂಬ ಭರವಸೆ ಇರುವವರು. ನನ್ನ ತಾಯಿಯ ತಲೆಮಾರಿಗೆ ಆ ಭರವಸೆ ಇರಲಿಲ್ಲ. 1965-66ರ ಬರಗಾಲ, ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ, ಸೀಮೆಎಣ್ಣೆಯ ಸಾಲು, ಸ್ಕೂಟರಿಗೂ ಟೆಲಿಫೋನಿಗೂ ಹೆಸರು ಬರೆಸಿ ವರ್ಷಗಟ್ಟಲೆ ಕಾದದ್ದು, ಇವೆಲ್ಲ ಅವರು ಓದಿದ ಚರಿತ್ರೆಯಲ್ಲ, ಬದುಕಿದ ದಿನಗಳು. 'ಇದ್ದರೆ ಇರಲಿ' ಎಂಬುದು ಅವರ ಅರ್ಥಶಾಸ್ತ್ರ. ನಾವು ಕಸ ಎಂದು ಕರೆಯುವುದನ್ನು ಅವರು ವಿಮೆ ಎಂದು ತಿಳಿದಿದ್ದಾರೆ.

ಕಳೆದ ವರ್ಷ ಮೈಸೂರಿನ ಹಳೆಯ ಮನೆಯನ್ನು ಖಾಲಿ ಮಾಡಿ, ತಾಯಿಯವರನ್ನು ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿಗೆ ಕರೆತರಬೇಕಾಯಿತು. ಐದು ಕೋಣೆಯ ಸಾಮಾನು ಎರಡು ಕೋಣೆಯಲ್ಲಿ ಹಿಡಿಯುವುದಿಲ್ಲವೆಂಬುದು ಸರಳ ಲೆಕ್ಕ. ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಅದಕ್ಕಿಂತ ಹೆಚ್ಚಾಗಿ ಅದನ್ನು ಯಾರು ಹೇಳಬೇಕು ಎಂಬುದು ಮಾತ್ರ ಅಷ್ಟು ಸರಳವಲ್ಲ. ಆ ತಿಂಗಳುಗಳಲ್ಲಿ ನನಗೆ ಇಬ್ಬರು ಗುರುಗಳು ಒದಗಿದರು. ಒಬ್ಬ ನಮ್ಮ ಮನೆಯ ನಾಯಿ, ಮತ್ತೊಬ್ಬರು ಹಲ್ಲಿನ ಡಾಕ್ಟರು.

ನಾಯಿಯ ಹೆಸರು ಕರಿಯ. ಬೀದಿಯಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ಮನೆ ಸೇರಿದವನು. ಎರಡು ಹೊತ್ತಿನ ಊಟ ಒಂದು ದಿನವೂ ತಪ್ಪಿಲ್ಲ. ಆದರೂ ತಿಂದು ಮಿಕ್ಕ ರೊಟ್ಟಿಯ ಚೂರನ್ನು ಬಾಲ್ಕನಿಯ ಹೂಕುಂಡದಲ್ಲಿ ಹೂಳಿ, ಮೂತಿಯಿಂದ ಮಣ್ಣು ತಳ್ಳಿ ಮುಚ್ಚುತ್ತಾನೆ. ಹೆಚ್ಚಾದ ಆಹಾರವನ್ನು ಬಚ್ಚಿಡುವುದು ತೋಳ, ನರಿಗಳಲ್ಲೂ ಕಾಣುವ ಸ್ವಭಾವ. ಜರ್ಮನಿಯ ಬಾನ್-ಓಬರ್‌ಕಾಸೆಲ್‌ನಲ್ಲಿ ಮನುಷ್ಯರ ಜೊತೆಯಲ್ಲೇ ಹೂತಿದ್ದ ನಾಯಿಯ ಅವಶೇಷ ಸುಮಾರು 14 ಸಾವಿರ ವರ್ಷದಷ್ಟು ಹಳೆಯದು. ಇಷ್ಟು ಕಾಲ ನಮ್ಮ ಜೊತೆಗಿದ್ದು ನಮ್ಮ ಅನ್ನ ಉಂಡರೂ, ನಾಳೆ ಸಿಗದೇ ಹೋದೀತೆಂಬ ಹಳೆಯ ಅಂಜಿಕೆ ಅದರ ರಕ್ತದಿಂದ ಹೋಗಿಲ್ಲ.

ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಏಳತೊಡಗಿದಂತೆ ಕರಿಯನ ನಡವಳಿಕೆ ಬದಲಾಯಿತು. ಹಳೆಯ ಚಪ್ಪಲಿ, ಕಾಲುಚೀಲ, ಒರೆಸುವ ಬಟ್ಟೆ ಎಲ್ಲವನ್ನೂ ಮಂಚದ ಕೆಳಗೆ ಸೇರಿಸಿ ಅದರ ಮೇಲೆ ಮಲಗಿದ. ತಮ್ಮನ ಮಗ ಚಪ್ಪಲಿಯನ್ನು ಕಿತ್ತುಕೊಳ್ಳಲು ಹೋದಾಗ ಗುರ್ರೆಂದ. ಗದರಿಸಬೇಕೆಂದು ಹಲವರು ಹೇಳಿದರು. ನಾಯಿಗಳನ್ನು ತರಬೇತುಗೊಳಿಸುವ ಪರಿಚಿತರೊಬ್ಬರು ಬೇರೆಯದೇ ಹೇಳಿದರು. ನಾಯಿ ಮೊದಲು ಮೈ ಬಿಗಿ ಹಿಡಿಯುತ್ತದೆ, ಕಣ್ಣಂಚಿನ ಬಿಳುಪು ಕಾಣುವಂತೆ ಓರೆಯಾಗಿ ನೋಡುತ್ತದೆ, ಆಮೇಲೆ ಗುರುಗುಟ್ಟುತ್ತದೆ. ಅದು ಉದ್ಧಟತನವಲ್ಲ, ಎಚ್ಚರಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಅಂಜಿಕೆಯನ್ನು ಬಿಡುವುದಿಲ್ಲ, ಎಚ್ಚರಿಸುವುದನ್ನು ಬಿಡುತ್ತದೆ. ಮುಂದಿನ ಸಲ ಗುರ್ರೆನ್ನದೆ ನೇರವಾಗಿ ಕಚ್ಚೀತು. ಕಿತ್ತುಕೊಳ್ಳಬೇಡಿ, ಅದಕ್ಕಿಂತ ಒಳ್ಳೆಯದನ್ನು ಮುಂದಿಟ್ಟು ವಿನಿಮಯ ಮಾಡಿಕೊಳ್ಳಿ, ಅಪಾಯವಿಲ್ಲದ ವಸ್ತುವಾದರೆ ಕೆಲವೊಮ್ಮೆ ತೆಗೆದುಕೊಂಡದ್ದನ್ನು ಮರಳಿ ಕೊಡಿ, ಕೈ ಚಾಚಿದವರೆಲ್ಲ ಕಸಿಯುವವರಲ್ಲ ಎಂದು ಅದಕ್ಕೆ ತಿಳಿಯಲಿ ಎಂದರು. ಮೊಟ್ಟೆಯ ತುಂಡಿಗೆ ಚಪ್ಪಲಿ ಬಂತು. ವಾರ ಕಳೆಯುವುದರೊಳಗೆ ಕಾಲುಚೀಲಗಳನ್ನು ಅವನೇ ತಂದು ಕಾಲ ಬಳಿ ಹಾಕತೊಡಗಿದ.

ಅದೇ ದಿನಗಳಲ್ಲಿ ನನ್ನ ಕಟ್ಟಕಡೆಯ ದವಡೆಹಲ್ಲು ನೋಯತೊಡಗಿತು. ಮೂವತ್ತೆರಡು ಹಲ್ಲುಗಳಲ್ಲಿ ಕೊನೆಗೆ ಬರುವ ಈ ನಾಲ್ಕು, ಸಾಮಾನ್ಯವಾಗಿ 17ರಿಂದ 25 ವರ್ಷದ ನಡುವೆ ಹುಟ್ಟುತ್ತವೆ. ಬುದ್ಧಿ ಬರುವ ವಯಸ್ಸೆಂದು ಇಂಗ್ಲಿಷಿನವರು ಇವಕ್ಕೆ ವಿಸ್ಡಮ್ ಟೂತ್ ಎಂದು ಹೆಸರಿಟ್ಟರು. ಗಡಸು ಆಹಾರವನ್ನು ಅಗಿಯುತ್ತಿದ್ದ ನಮ್ಮ ಪೂರ್ವಿಕರ ದವಡೆಯಲ್ಲಿ ಇವಕ್ಕೆ ಜಾಗವೂ ಇತ್ತು, ಕೆಲಸವೂ ಇತ್ತು. ಬೇಯಿಸಿದ ಮೆತ್ತನೆಯ ಅನ್ನದ ಕಾಲಕ್ಕೆ ದವಡೆ ಚಿಕ್ಕದಾಯಿತು, ಹಲ್ಲು ಮಾತ್ರ ಹಳೆಯ ಲೆಕ್ಕದಲ್ಲೇ ಬರುತ್ತದೆ. ಜಾಗ ಸಾಲದೆ ಎಷ್ಟೋ ಮಂದಿಯಲ್ಲಿ ಅಡ್ಡಡ್ಡ ಬೆಳೆದು ಪಕ್ಕದ ಹಲ್ಲನ್ನು ಒತ್ತುತ್ತದೆ. ಬಾಯಿಯೊಳಗೂ ಒಂದು ಅಟ್ಟ ಇದೆಯೆಂದು ನನಗೆ ಅನಿಸಿದ್ದು ಆಗ.

ಎಕ್ಸ್‌ರೇ ನೋಡಿದ ಡಾಕ್ಟರು ಕೆಳಗಿನ ಎಡಗಡೆಯದನ್ನು ತೆಗೆಯಬೇಕೆಂದರು. ಅದು ಕೊಳೆತು ಪಕ್ಕದ ಹಲ್ಲಿಗೂ ಹುಳುಕು ಹತ್ತಿಸುತ್ತಿತ್ತು. ಬಂದದ್ದೇ ಬಂದಿದ್ದೇನೆ, ಉಳಿದ ಮೂರನ್ನೂ ತೆಗೆದುಬಿಡಿ ಎಂದೆ. ಅವರು ನಕ್ಕು ಬೇಡವೆಂದರು. ಕೆಳದವಡೆಯ ಮೂಳೆಯೊಳಗೆ, ಈ ಹಲ್ಲಿನ ಬೇರಿಗೆ ಸಮೀಪದಲ್ಲೇ, ತುಟಿ-ಗಲ್ಲಕ್ಕೆ ಸ್ಪರ್ಶ ಕೊಡುವ ನರವೊಂದು ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿಯಬಹುದು. ತೊಂದರೆ ಕೊಡದ ಹಲ್ಲನ್ನು ಮುಂದೆಂದಾದರೂ ಕೊಟ್ಟೀತೆಂದು ಕೀಳಬಾರದು ಎಂಬುದು ಅವರ ನಿಲುವು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ ಮಾರ್ಗದರ್ಶನ ನೀಡುವ ನೈಸ್ ಸಂಸ್ಥೆ 2000ದಲ್ಲಿಯೇ, ಮೂಳೆಯಲ್ಲಿ ಸಿಕ್ಕಿಕೊಂಡಿದ್ದರೂ ರೋಗವಿಲ್ಲದ ಇಂಥ ಹಲ್ಲನ್ನು ಮುಂಜಾಗ್ರತೆಗೆಂದು ಕೀಳುವ ರೂಢಿಯನ್ನು ನಿಲ್ಲಿಸುವಂತೆ ಹೇಳಿತ್ತು. ನೋಯುವುದನ್ನು ತೆಗೆಯುವುದು ಚಿಕಿತ್ಸೆ; ಕೆಲಸವಿಲ್ಲವೆಂಬ ಕಾರಣಕ್ಕೇ ತೆಗೆಯುವುದು ಅವಸರ.

ಇವೆರಡು ಪಾಠಗಳೂ ಮೈಸೂರಿನ ಮನೆಗೆ ಹೊಂದಿದವು. ಪ್ರತಿಯೊಂದು ಪಾತ್ರೆಯನ್ನೂ ತಾಯಿಯ ಮುಂದಿಟ್ಟು, ಇದು ಎಲ್ಲಿಂದ ಬಂತಮ್ಮಾ ಎಂದಷ್ಟೇ ಕೇಳಿದೆ. ಹಿತ್ತಾಳೆಯ ದೊಡ್ಡ ಹಂಡೆಯ ಕತೆ ಹೇಳಿ ಮುಗಿಸಿದ ಮೇಲೆ, "ಇದನ್ನ ನಿನ್ನ ತಂಗಿ ಮಗಳಿಗೆ ಕೊಡು, ಅವಳ ಮನೇಲಿ ಜಾಗ ಇದೆ" ಎಂದು ಅವರೇ ಹೇಳಿದರು. ಕತೆಗೆ ಒಬ್ಬರು ಕಿವಿಗೊಟ್ಟ ಮೇಲೆ ವಸ್ತುವಿನ ಭಾರ ಇಳಿಯುತ್ತದೆ. ಕೊನೆಗೆ ಅವರು ಬಿಡದೆ ಉಳಿಸಿಕೊಂಡದ್ದು ನಾವು ಮೊದಲು ಎಸೆಯಬಹುದೆಂದು ಎಣಿಸಿದ್ದನ್ನೇ, ಸೇರು-ಪಾವುಗಳ ಅಳತೆ ಪಾತ್ರೆಗಳನ್ನು. 1960ರ ದಶಕದ ಆರಂಭದಲ್ಲಿ ಮೆಟ್ರಿಕ್ ಪದ್ಧತಿ ಕಡ್ಡಾಯವಾದ ಮೇಲೆ ಅಂಗಡಿಯಲ್ಲಿ ಅವಕ್ಕೆ ಬೆಲೆ ಇಲ್ಲ. ಆದರೆ ನಮ್ಮ ಮನೆಯಲ್ಲಿ ಇಂದಿಗೂ ಅನ್ನಕ್ಕೆ ಅಕ್ಕಿ ಅಳೆಯುವುದು ಆ ಪಾವಿನಲ್ಲಿಯೇ. ಅದು ಗಟ್ಟಿಯಾಗಿರುವ ಹಲ್ಲು, ಕೀಳಲು ಕಾರಣವಿಲ್ಲ.

ಹೊರಗೆ ಹಾಕಿದ್ದು ಎಲ್ಲಿಗೋ ಹೋಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಬೆಂಗಳೂರು ವರ್ಷಗಟ್ಟಲೆ ಹೊರಗೆ ಹಾಕಿದ್ದೆಲ್ಲ ಮಾವಳ್ಳಿಪುರ, ಮಂಡೂರುಗಳ ಅಂಗಳದಲ್ಲಿ ಬೆಟ್ಟವಾಗಿ ನಿಂತಿತ್ತು. 2014ರಲ್ಲಿ ಮಂಡೂರಿನ ಜನ ಲಾರಿಗಳನ್ನು ತಡೆದಾಗಲೇ ನಗರಕ್ಕೆ ತನ್ನ ಕಸದ ವಿಳಾಸ ಗೊತ್ತಾದದ್ದು. ನಮ್ಮ ಮನೆ ಹಗುರವಾಗಲು ಮತ್ತೊಬ್ಬರ ಊರು ಭಾರವಾಗಬೇಕಿಲ್ಲ. ಗುಜರಿಯವನಿಗೆ ಹೋಗಬೇಕಾದದ್ದು ಗುಜರಿಗೆ, ಉಡುವಂಥದ್ದು ಉಡುವವರಿಗೆ, ಓದುವಂಥದ್ದು ಗ್ರಂಥಾಲಯಕ್ಕೆ ಹೋಗಬೇಕು. ಇದಕ್ಕೆ ಒಂದು ಭಾನುವಾರ ಸಾಲದು.

ಹೊರದೇಶದಲ್ಲಿರುವ ಮಕ್ಕಳು ತಂದೆ-ತಾಯಿ ತೀರಿಕೊಂಡ ಮೇಲೆ ಮೂರು ವಾರದ ರಜೆಯಲ್ಲಿ ಬಂದು, ವೈಕುಂಠ ಸಮಾರಾಧನೆ ಮುಗಿಸಿ, ಉಳಿದ ನಾಲ್ಕು ದಿನಗಳಲ್ಲಿ ಒಂದು ಆಯುಷ್ಯದ ಸಾಮಾನನ್ನು ತೂಕಕ್ಕೆ ಹಾಕಿ ಬೀಗ ಜಡಿದು ಹೋಗುವುದನ್ನು ನಮ್ಮ ಬಡಾವಣೆಗಳಲ್ಲಿ ಆಗಾಗ ನೋಡುತ್ತಿದ್ದೇವೆ. ಅವರನ್ನು ದೂರಿ ಫಲವಿಲ್ಲ. ಕೇಳಲು ಆಗ ಯಾರೂ ಉಳಿದಿರುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ತಕ್ಕ ಕಾಲ, ಹಿರಿಯರು ಕುರ್ಚಿಯಲ್ಲಿ ಕುಳಿತು ಕತೆ ಹೇಳಬಲ್ಲ ಕಾಲ. ಕಿತ್ತುಕೊಳ್ಳುವ ಅವಸರವಿಲ್ಲದವರ ಮುಂದೆ ಮುಷ್ಟಿ ತಾನಾಗಿಯೇ ಸಡಿಲವಾಗುತ್ತದೆ. ಮುಂದಿನ ರಜೆಗೆ ಊರಿಗೆ ಹೋದಾಗ ಅಟ್ಟದಿಂದ ಒಂದು ಪೆಟ್ಟಿಗೆಯನ್ನಷ್ಟೇ ಇಳಿಸಿ, ಅವರ ಪಕ್ಕದಲ್ಲಿ ಕುಳಿತು ತೆರೆದರೆ ಸಾಕು.